ನಾಲ್ಕು ಸಾಲಲ್ಲಿ ಕೊಲೆಯೂ ಪ್ರೀತಿಯೂ

ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಹದಿನಾರರ ಹುಡುಗನೊಬ್ಬ ವಿಜ್ಞಾನಿ ಹಂಫ್ರಿ ಡೇವಿಯ ಬಗ್ಗೆ ನಾಲ್ಕು ಸಾಲು ಗೀಚಿದ. ಛಂದಸ್ಸಿನ ಗೊಡವೆಯಿಲ್ಲ, ಸಾಲು ಒಂದು ಉದ್ದ, ಒಂದು ಗಿಡ್ಡ. ಪ್ರಾಸ ಮಾತ್ರ ಎರಡೆರಡು ಸಾಲಿಗೆ ಒಂದರಂತೆ ಕಟ್ಟುನಿಟ್ಟು. ಗೆಳೆಯರಿಗೆ ಇದರ ರುಚಿ ಹತ್ತಿತು. ಅವರಲ್ಲೊಬ್ಬನಾದ ಜಿ.ಕೆ. ಚೆಸ್ಟರ್‌ಟನ್ ಆ ಪದ್ಯಗಳಿಗೆ ಚಿತ್ರ ಬರೆದ. 1905ರಲ್ಲಿ ಅವೆಲ್ಲ ಪುಸ್ತಕವಾದವು. ಹುಡುಗನ ಹೆಸರು ಎಡ್ಮಂಡ್ ಕ್ಲೆರಿಹ್ಯೂ ಬೆಂಟ್ಲಿ. ನಡುವಿನ ಹೆಸರೇ ಪದ್ಯಜಾತಿಯ ಹೆಸರಾಗಿ, ಇಂಗ್ಲಿಷಿನಲ್ಲಿ 'ಕ್ಲೆರಿಹ್ಯೂ' ಉಳಿದುಕೊಂಡಿತು.

ಇದೇ ಬೆಂಟ್ಲಿ 1913ರಲ್ಲಿ 'ಟ್ರೆಂಟ್ಸ್ ಲಾಸ್ಟ್ ಕೇಸ್' ಎಂಬ ಪತ್ತೇದಾರಿ ಕಾದಂಬರಿ ಬರೆದ. ಮ್ಯಾಂಡರ್ಸನ್ ಎಂಬ ಸಿರಿವಂತ ಅಮೆರಿಕನ್ನನ ಕೊಲೆಯಾಗಿದೆ. ಚಿತ್ರಕಾರ ಟ್ರೆಂಟ್ ಪತ್ರಿಕೆಯೊಂದರ ಪರವಾಗಿ ಪತ್ತೆಗೆ ಬರುತ್ತಾನೆ, ಬಂದವನು ಸತ್ತವನ ಹೆಂಡತಿಗೇ ಮನಸೋಲುತ್ತಾನೆ. ಅಂದರೆ ಪುಟ್ಟ ಪದ್ಯ, ಕೊಲೆಯ ಕಥೆ, ಪ್ರೇಮದ ಕಥೆ ಮೂರೂ ಒಬ್ಬನೇ ಮನುಷ್ಯನ ಕೈಯಿಂದ ಬಂದವು. ಓದಿ ಮುಗಿಸಿದ ಕಾದಂಬರಿಗೆ ಪುಟ್ಟ ಪದ್ಯದಲ್ಲೇ ವಿಮರ್ಶೆ ಬರೆಯಲು ಹೊರಟವರಿಗೆ ಇವನಿಗಿಂತ ಒಳ್ಳೆಯ ಹಿರಿಯ ಸಿಗಲಾರ.

ಕನ್ನಡಿಗರಿಗೆ ಈ ನಾಲ್ಕು ಸಾಲಿನ ಮನೆ ಹೊಸದೂ ಅಲ್ಲ. ಅಂಕೋಲೆಯ ದಿನಕರ ದೇಸಾಯಿಯವರ ಚೌಪದಿಗಳಲ್ಲೂ ಪ್ರಾಸ ಬೀಳುವುದು ಎರಡೆರಡು ಸಾಲಿಗೇ. ಕಾರ್ಮಿಕರ ಹೋರಾಟ, ಶಾಲೆ ಕಾಲೇಜು ಕಟ್ಟುವ ಕೆಲಸ, ಲೋಕಸಭೆಯ ಸದಸ್ಯತ್ವ, ಇವೆಲ್ಲದರ ನಡುವೆ ಅವರು ಚುಟುಕ ಬರೆದರು. ಓದುಗರು ಅದನ್ನು ಬಾಯಿಪಾಠ ಮಾಡಿಕೊಂಡರು. ಇಡೀ ಪುಸ್ತಕವನ್ನು ಒಂದೇ ಪದ್ಯದಲ್ಲಿ ತೂಗುವ ಅಭ್ಯಾಸ ಇನ್ನೂ ಹಳೆಯದು. ಉಪಮೆಗೆ ಕಾಳಿದಾಸ, ಅರ್ಥಗೌರವಕ್ಕೆ ಭಾರವಿ, ಪದಲಾಲಿತ್ಯಕ್ಕೆ ದಂಡಿ, ಮೂರೂ ಬೇಕಾದರೆ ಮಾಘ ಎಂದು ತೀರ್ಪು ಕೊಟ್ಟ ಸಂಸ್ಕೃತ ಶ್ಲೋಕ ನಾಲ್ವರು ಕವಿಗಳ ವಿಮರ್ಶೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟಿದೆ.

ಆದರೆ ಪ್ರೇಮಕಥೆ, ಪತ್ತೇದಾರಿ ಕಥೆಗಳಿಗೆ ಪುಟ್ಟ ಪದ್ಯ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಬೇರೆಯೇ ಕಾರಣವಿದೆ. ಪತ್ತೇದಾರಿಯಲ್ಲಿ ಕೊನೆಯನ್ನು ಹೇಳುವಂತಿಲ್ಲ. ಪ್ರೇಮಕಥೆಯ ಕೊನೆ ಎಲ್ಲರಿಗೂ ಗೊತ್ತಿರುವುದರಿಂದ ಹೇಳಿ ಪ್ರಯೋಜನವಿಲ್ಲ. ಗದ್ಯದಲ್ಲಿ ಬರೆಯಲು ಕೂತವರು ಎರಡು ಕಡೆಯೂ ತಡವರಿಸುತ್ತಾರೆ. ಮೊದಲಿನದರಲ್ಲಿ ಕಥೆ ಹೇಳುತ್ತ ಹೇಳುತ್ತ ಗುಟ್ಟು ಬಿಟ್ಟುಕೊಡುತ್ತಾರೆ, ಎರಡನೆಯದರಲ್ಲಿ ಗೊತ್ತಿದ್ದ ಕಥೆಯನ್ನೇ ಮತ್ತೆ ಹೇಳುತ್ತಾರೆ. ನಾಲ್ಕು ಸಾಲಿನಲ್ಲಿ ಕಥೆ ಹೇಳಲು ಜಾಗವೇ ಇಲ್ಲ. ಓದಿದವರಿಗೆ ಏನನ್ನಿಸಿತು ಎಂಬುದೊಂದೇ ಅಲ್ಲಿ ಹಿಡಿಸುತ್ತದೆ.

ಬೆಂಟ್ಲಿಯ ಕಾದಂಬರಿಗೇ ಹೀಗೊಂದು ಚುಟುಕ ಬರೆಯಬಹುದು:

ಕೊಲೆಗಾರನ ಜಾಡು ಹಿಡಿಯ ಬಂದ ಟ್ರೆಂಟ್ ರಾಯ,
ಸತ್ತವನ ಸತಿಯ ಕಂಡು ಎದೆಗೆ ಆಯ್ತು ಗಾಯ;
ಸುಳಿವೆಲ್ಲ ಸರಿಯಿತ್ತು, ಲೆಕ್ಕ ಮಾತ್ರ ತಪ್ಪು,
ಸೋತರೂ ಈ ಕಥೆಗೆ ಸೋಲಿನದೇ ಒಪ್ಪು.

ಪತ್ತೇದಾರ ಎಡವುತ್ತಾನೆ ಎಂಬುದು ಇಲ್ಲಿದೆ, ಕೊಂದವರು ಯಾರು ಎಂಬುದಿಲ್ಲ. ಮೂರನೆಯ ಸಾಲಿನ 'ಲೆಕ್ಕ' ಎಂಬ ಮಾತನ್ನು ಗಮನಿಸಬೇಕು. ಆ ಜಾಗದಲ್ಲಿ ಆರೋಪಿಯ ಹೆಸರು ಬಂದಿದ್ದರೆ ಪ್ರಾಸ ಹೇಗೋ ಕೂಡುತ್ತಿತ್ತು, ಇನ್ನೂ ಓದಬೇಕಾದವರ ಖುಷಿ ಹಾಳಾಗುತ್ತಿತ್ತು. ಕೊನೆಯ ಸಾಲು ಕಥೆಯದಲ್ಲ, ತೀರ್ಪು. ಚುಟುಕ ವಿಮರ್ಶೆಯಾಗುವುದು ಅಲ್ಲೇ. ತೀರ್ಪಿಲ್ಲದ ನಾಲ್ಕು ಸಾಲು ಬರೀ ಸಾರಾಂಶ.

ಪ್ರೇಮಕಥೆಯದು ಇನ್ನೊಂದು ಬಗೆಯ ಕಷ್ಟ. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯ ಎಲಿಜಬೆತ್, ಡಾರ್ಸಿ ಕೊನೆಗೆ ಮದುವೆಯಾಗುತ್ತಾರೆ ಎಂಬುದು ಓದದವರಿಗೂ ಗೊತ್ತು. ಹಾಗಾದರೆ ಜನ ಇಂದಿಗೂ ಅದನ್ನು ಓದುತ್ತಿರುವುದು ಯಾಕೆ?

ಡಾರ್ಸಿಗೆ ಸೊಕ್ಕು, ಎಲಿಜಬೆತ್‌ಗೆ ಸಿಟ್ಟು,
ಇಬ್ಬರೂ ಕೂತರು ಹಟವನ್ನು ತೊಟ್ಟು;
ಮದುವೆಯೆಂಬುದು ಗೊತ್ತು ಮೊದಲ ಪುಟಕ್ಕೆ,
ಆದರೂ ಕಾಯಬೇಕು ಒಂದು ಕಾಗದಕ್ಕೆ.

ಆ ಕಾಗದ ಬರುವುದು ಕಾದಂಬರಿಯ ಹೆಚ್ಚುಕಡಿಮೆ ನಟ್ಟನಡುವೆ. ಡಾರ್ಸಿ ಮದುವೆಯ ಮಾತೆತ್ತಿ, ಅವಳು ನಿಷ್ಠುರವಾಗಿ ನಿರಾಕರಿಸಿ, ಮರುದಿನ ಬೆಳಿಗ್ಗೆ ಅವನು ಅವಳ ಕೈಗೆ ಕೊಟ್ಟು ಹೋಗುವ ಉದ್ದನೆಯ ಪತ್ರ. ಅದನ್ನು ಅವಳು ಮತ್ತೆ ಮತ್ತೆ ಓದುತ್ತಾಳೆ, ಓದಿದಂತೆಲ್ಲ ತನ್ನ ಬಗ್ಗೆಯೇ ನಾಚುತ್ತಾಳೆ. ಇಡೀ ಕಾದಂಬರಿ ಮಗ್ಗುಲು ಬದಲಿಸುವುದು ಅಲ್ಲಿ. ಬರೆಯುವವರು ಇಂಥ ಒಂದು ಜಾಗವನ್ನು ಹುಡುಕಿಕೊಂಡರೆ ಸಾಕು. ಪುಸ್ತಕದಲ್ಲಿ ಅಂಥದ್ದು ಎಲ್ಲೂ ಸಿಗದಿದ್ದರೆ ಅದೂ ಒಂದು ತೀರ್ಪೇ, ಅದನ್ನೂ ನೇರವಾಗಿ ಬರೆಯಬಹುದು.

ಪ್ರೇಮ, ರಹಸ್ಯ ಎರಡೂ ಬೆರೆತ ಪುಸ್ತಕವೆಂದರೆ ಡ್ಯಾಫ್ನಿ ಡು ಮೋರಿಯೆ 1938ರಲ್ಲಿ ಬರೆದ 'ರೆಬೆಕ್ಕಾ'. ತೀರಿಹೋದ ಮೊದಲ ಹೆಂಡತಿಯ ಹೆಸರೇ ಪುಸ್ತಕದ ಹೆಸರು. ಕಥೆ ಹೇಳುವ ಎರಡನೆಯ ಹೆಂಡತಿಯ ಹೆಸರು ಕೊನೆಯವರೆಗೂ ಬರುವುದಿಲ್ಲ.

ತೀರಿಹೋದವಳ ಹೆಸರು ಮನೆಯ ತುಂಬ,
ಬದುಕಿದವಳಿಗೆ ಹೆಸರೂ ಇಲ್ಲವೆಂಬ
ಕಥೆ ಮುಗಿವ ಹೊತ್ತಿಗೆ ಕೋಳಿ ಕೂಗಿತ್ತು,
ದೀಪ ಆರಿಸುವ ಕೈ ಆಗಲೂ ನಡುಗಿತ್ತು.

ಇದನ್ನು ಪುಸ್ತಕ ಮುಚ್ಚಿದ ರಾತ್ರಿಯೇ ಬರೆಯಬೇಕು. ವಾರ ಕಳೆದರೆ ನೆನಪಿನಲ್ಲಿ ಕಥೆ ಉಳಿದಿರುತ್ತದೆ, ನಡುಕ ಉಳಿದಿರುವುದಿಲ್ಲ.

ನಮ್ಮ ಕಪಾಟುಗಳೂ ಇದಕ್ಕಾಗಿ ಕಾದಿವೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗಾಗಿ, ತ್ರಿವೇಣಿ, ಸಾಯಿಸುತೆಯವರ ಕಾದಂಬರಿಗಳಿಗಾಗಿ ಜನ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಸರದಿ ಕಾಯುತ್ತಿದ್ದ ಕಾಲವಿತ್ತು. ಓದಿದವರು ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ 'ಚೆನ್ನಾಗಿದೆ' ಎಂದು ಬರೆದಿಡುತ್ತಿದ್ದರು. ಆ ಒಂದು ಮಾತನ್ನೇ ನಾಲ್ಕು ಸಾಲಿಗೆ ಬೆಳೆಸಿದ್ದರೆ, ಗಂಭೀರ ವಿಮರ್ಶಕರು ಕಣ್ಣೆತ್ತಿ ನೋಡದ ಎಷ್ಟೋ ಜನಪ್ರಿಯ ಕಾದಂಬರಿಗಳ ಬಗ್ಗೆ ಓದುಗರದೇ ಒಂದು ದಾಖಲೆ ಇಂದು ನಮ್ಮ ಕೈಯಲ್ಲಿರುತ್ತಿತ್ತು. ಅದು ಇಲ್ಲವಾದದ್ದು ನಿಜವಾದ ನಷ್ಟ.

ಬೆಂಟ್ಲಿಯ ಕಥೆ ಇನ್ನೊಂದು ಕಡೆಗೂ ಚಾಚಿಕೊಂಡಿದೆ. 1930ರಲ್ಲಿ ಇಂಗ್ಲೆಂಡಿನ ಪತ್ತೇದಾರಿ ಲೇಖಕರು 'ಡಿಟೆಕ್ಷನ್ ಕ್ಲಬ್' ಕಟ್ಟಿಕೊಂಡರು. ಓದುಗರಿಗೆ ಸುಳಿವು ಮುಚ್ಚಿಟ್ಟು ಮೋಸ ಮಾಡುವುದಿಲ್ಲ ಎಂದು ಸದಸ್ಯರು ಪ್ರಮಾಣ ಮಾಡುತ್ತಿದ್ದರು. ಮೊದಲ ಅಧ್ಯಕ್ಷ ಚೆಸ್ಟರ್‌ಟನ್, ಅವನ ನಂತರ ಬೆಂಟ್ಲಿ, ಆಮೇಲೆ ಡೊರೊಥಿ ಸೇಯರ್ಸ್. ಸೇಯರ್ಸ್ 1935ರಲ್ಲಿ ಬರೆದ 'ಗಾಡಿ ನೈಟ್' ಕಾದಂಬರಿಯ ನಾಯಕಿ ಹ್ಯಾರಿಯೆಟ್ ಸ್ವತಃ ಪತ್ತೇದಾರಿ ಕಾದಂಬರಿಗಾರ್ತಿ. ಆಕ್ಸ್‌ಫರ್ಡಿನ ಮಹಿಳಾ ಕಾಲೇಜೊಂದರಲ್ಲಿ ಯಾರೋ ಕಿಡಿಗೇಡಿ ಪತ್ರಗಳನ್ನು ಬರೆಯುತ್ತಿದ್ದಾರೆ, ಅದರ ಪತ್ತೆಯಲ್ಲಿ ಅವಳಿದ್ದಾಳೆ. ಆ ನಡುವೆ ಒಂದು ಸಾನೆಟ್ಟಿನ ಎಂಟು ಸಾಲು ಬರೆದು, ಮುಂದೆ ಹೊಳೆಯದೆ ಬಿಟ್ಟಿರುತ್ತಾಳೆ. ಬಹುಕಾಲದಿಂದ ಅವಳನ್ನು ಪ್ರೀತಿಸುತ್ತಿರುವ ಪೀಟರ್‌ಗೆ ಆ ಕೇಸಿನ ಕಾಗದಗಳನ್ನು ಕೊಡುವಾಗ ಅರ್ಧ ಪದ್ಯವೂ ಜೊತೆಗೆ ಹೋಗಿಬಿಡುತ್ತದೆ. ಕಾಗದಗಳು ವಾಪಸು ಬಂದಾಗ ಅವಳ ಎಂಟು ಸಾಲಿನ ಕೆಳಗೆ ಉಳಿದ ಆರು ಸಾಲು ಅವನ ಅಕ್ಷರದಲ್ಲಿವೆ. ಹ್ಯಾರಿಯೆಟ್ ಆ ಆರು ಸಾಲನ್ನು ಪತ್ತೇದಾರಳ ಕಣ್ಣಿನಿಂದಲೇ ಓದುತ್ತಾಳೆ.