ಮರಸಿನ ಕೋವಿಯೂ ಗಣಕದ ಲೆಕ್ಕವೂ

ಕಳೆದ ಬೇಸಿಗೆಯಲ್ಲಿ ನಾವು ನಮ್ಮ ಕಾಲೇಜಿನ ವಿದ್ಯಾರ್ಥಿಗಳೊಡನೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಗೆ ಹೋಗಿದ್ದೆವು. ಕುವೆಂಪು ಅವರ ಮನೆಯನ್ನು ನೋಡಿ, ಕವಿಶೈಲವನ್ನೇರಿ, ಸುತ್ತಲೂ ಹಬ್ಬಿದ ಕಾಡನ್ನು ನೋಡುತ್ತ ನಿಂತಿದ್ದಾಗ ಒಬ್ಬ ವಿದ್ಯಾರ್ಥಿಯು, "ಸಾರ್, ಈ ಕಾಡನ್ನೇ ಇಟ್ಟುಕೊಂಡು ಒಂದು ಸ್ನೈಪರ್ ವಿಡಿಯೋ ಆಟ ಮಾಡಬಹುದಲ್ಲವೆ? ನಾವು ನಾಲ್ವರು ಒಂದು ವರ್ಷ ದುಡಿದರೆ ಸಾಕು" ಎಂದನು. ಉಳಿದವರು ನಕ್ಕರು. ನಾವು ನಗಲಿಲ್ಲ. ಓದು ಮುಗಿದೊಡನೆ ಸಂಬಳ ತರಬೇಕಾದ ಮನೆಯ ಹುಡುಗನು ಒಂದು ವರ್ಷವನ್ನು ಪಣವಾಗಿಡುವಾಗ, ಅವನಿಗೆ ಸಲ್ಲಬೇಕಾದುದು ನಗೆಯಲ್ಲ, ಲೆಕ್ಕ.

ಇಂಥ ಆಟದ ತಿರುಳು ಮಲೆನಾಡಿಗೆ ಹೊಸದೇನಲ್ಲ. ಮರದ ಮೇಲೆಯೋ ನೀರಿನ ಬಳಿಯೋ ಅಡಗಿ, ಕೋವಿ ಹಿಡಿದು ಪ್ರಾಣಿಯ ಬರವನ್ನು ಕಾಯುವುದಕ್ಕೆ ಇಲ್ಲಿಯವರು 'ಮರಸು ಕೂರುವುದು' ಎನ್ನುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ಕಡಿವಾಣ ಹಾಕಿತು. ಕಾಣಿಸಿಕೊಳ್ಳದಿರುವುದು, ಕಾಯುವುದು, ಒಂದೇ ಈಡಿಗೆ ಗುರಿ ಮುಟ್ಟುವುದು — ಮರಸಿನ ಈ ಮೂರು ಅಂಗಗಳೇ ಸ್ನೈಪರ್ ಆಟದ ಅಂಗಗಳೂ ಹೌದು.

ಆಟ ಕಟ್ಟುವವನ ಬಳಿ ಎರಡು ಗಂಟುಗಳಿರುತ್ತವೆ. ಒಂದು ಹಣದ್ದು, ಇನ್ನೊಂದು ಕಾಲದ್ದು. ತೆರೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೂ ಗಣಕಯಂತ್ರಕ್ಕೆ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಸಕಲ ಲೆಕ್ಕಗಳೂ ಅಷ್ಟರೊಳಗೆ ಮುಗಿಯತಕ್ಕದ್ದು.

ಮೊದಲು ಗುಂಡನ್ನು ಪರಿಶೀಲಿಸೋಣ. ಅದರ ವೇಗ ಸೆಕೆಂಡಿಗೆ 800 ಮೀಟರು, ಗುರಿಯ ದೂರ 400 ಮೀಟರು ಎಂದಿಟ್ಟುಕೊಳ್ಳೋಣ. ಗಾಳಿಯ ತಡೆಯನ್ನು ಮರೆತರೆ ಗುಂಡು ಅರ್ಧ ಸೆಕೆಂಡಿನಲ್ಲಿ ಗುರಿಯನ್ನು ಸೇರುತ್ತದೆ. ಅಷ್ಟರಲ್ಲಿ ಗುರುತ್ವದಿಂದ ಸುಮಾರು 1.2 ಮೀಟರು ಕೆಳಗಿಳಿದಿರುತ್ತದೆ. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಅದು 13 ಮೀಟರಿಗೂ ಹೆಚ್ಚು ದೂರ ಚಲಿಸುವುದರಿಂದ, ಅದು ಇರುವ ಬಿಂದುವನ್ನಷ್ಟೇ ನೋಡಿದರೆ ನಡುವಿನ ಮರವನ್ನು ತಾಕದೆಯೇ ದಾಟಿಹೋದೀತು. ಆದ್ದರಿಂದ ಬಿಂದುವಿಗೆ ಬದಲಾಗಿ ಅದು ಸಾಗಿದ ರೇಖೆಯನ್ನು ಪರೀಕ್ಷಿಸುತ್ತಾರೆ. ಇದೆಲ್ಲವೂ ಕೆಲವೇ ಕೂಡುವಿಕೆ ಗುಣಾಕಾರಗಳ ಕೆಲಸ. ಭೌತಶಾಸ್ತ್ರದ ಅಧ್ಯಾಪಕರಾದ ನಮಗೆ ಕೊಂಚ ನಿರಾಶೆಯಾದರೂ ಹೇಳಲೇಬೇಕು: ಗುಂಡು ಬಲು ಅಗ್ಗ.

ದುಬಾರಿಯಾದುದು ಕಾಡು. ಕವಿಶೈಲದ ಸುತ್ತ ಒಂದು ಕಿಲೋಮೀಟರು ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 314 ಹೆಕ್ಟೇರು. ಹೆಕ್ಟೇರಿಗೆ 400 ಮರಗಳೆಂದು ಹಿಡಿದರೆ ಒಟ್ಟು ಒಂದೂಕಾಲು ಲಕ್ಷ ಮರಗಳು. ಗಣಕವು ವಸ್ತುಗಳನ್ನು ತ್ರಿಕೋಣಗಳಿಂದ ಹೆಣೆದು ತೋರಿಸುತ್ತದೆ. ಮರವೊಂದಕ್ಕೆ 10,000 ತ್ರಿಕೋಣಗಳೆಂದರೆ ಒಟ್ಟು 125 ಕೋಟಿಯಾಯಿತು! ದೂರದ ಮರಕ್ಕೆ ಕೆಲವೇ ತ್ರಿಕೋಣಗಳನ್ನು ಕೊಟ್ಟು ಉಳಿತಾಯ ಮಾಡುವುದು ಎಲ್ಲ ಆಟಗಳ ವಾಡಿಕೆ. ಆದರೆ ಸ್ನೈಪರ್ ಆಟದಲ್ಲಿ ದುರ್ಬೀನು ಅಡ್ಡಬರುತ್ತದೆ. ಎಂಟು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ 800 ಮೀಟರು ದೂರದ ಮರ 100 ಮೀಟರಿನಲ್ಲಿರುವಂತೆ ಕಾಣುತ್ತದಲ್ಲವೆ? ಅದೃಷ್ಟವಶಾತ್, ಆಗ ಕಾಣುವ ನೋಟದ ಅಗಲವೂ ಎತ್ತರವೂ ಎಂಟನೆಯ ಒಂದು ಭಾಗವಾಗಿ, ಒಟ್ಟು ನೋಟ 64ನೆಯ ಒಂದು ಪಾಲಿಗೆ ಇಳಿಯುತ್ತದೆ. ದುರ್ಬೀನು ಒಂದು ಕೈಯಿಂದ ಕಸಿದುದನ್ನು ಇನ್ನೊಂದು ಕೈಯಿಂದ ಬಹುಮಟ್ಟಿಗೆ ಹಿಂದಿರುಗಿಸುತ್ತದೆ.

ಇನ್ನು ಅಡಗುವಿಕೆ. 30 ಕಾವಲುಗಾರರಲ್ಲಿ ಪ್ರತಿಯೊಬ್ಬನ ಕಣ್ಣಿನಿಂದಲೂ ಆಟಗಾರನ ತಲೆ, ಎದೆ, ಕಾಲುಗಳಿಗೆ ಮೂರು ರೇಖೆಗಳನ್ನೆಳೆದು, ನಡುವೆ ಮರೆಯಿದೆಯೇ ಎಂದು ಪ್ರತಿ ಚಿತ್ರದಲ್ಲೂ ನೋಡಿದರೆ ಸೆಕೆಂಡಿಗೆ 5,400 ಪರೀಕ್ಷೆಗಳಾದವು. ಸೆಕೆಂಡಿಗೆ ಐದೇ ಬಾರಿ ನೋಡಿದರೆ 450 ಸಾಕು. ನಿಜವಾದ ಮನುಷ್ಯನೂ ಕಂಡದ್ದಕ್ಕೆ ಸ್ಪಂದಿಸಲು ಸುಮಾರು 0.2 ಸೆಕೆಂಡು ತೆಗೆದುಕೊಳ್ಳುವುದರಿಂದ ಈ ಜಿಪುಣತನ ಯಾರಿಗೂ ತಿಳಿಯದು.

ಹಣದ ಗಂಟಿನಲ್ಲಿ ಸಿಂಹಪಾಲು ಸಂಬಳಗಳದು. ಬೆಂಗಳೂರಿನಲ್ಲಿ 1997ರಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ವಿದೇಶಿ ಆಟಗಳಿಗೆ ಚಿತ್ರಕಲೆಯ ಕೆಲಸವನ್ನು ಮಾಡಿಕೊಟ್ಟು ಹೆಸರಾಯಿತು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಕಲ್ಲು, ಮರ, ಗೋಡೆಗಳನ್ನು ರೂಪಿಸುವುದಕ್ಕೆ ಅಷ್ಟು ಕೈಗಳು ಬೇಕು. ನಮ್ಮ ನಾಲ್ವರ ಒಂದು ವರ್ಷವೆಂದರೆ 48 ಆಳು-ತಿಂಗಳು. ಒಂದು ಮರವನ್ನು ಚೆನ್ನಾಗಿ ರೂಪಿಸಲು ಒಬ್ಬನಿಗೆ ಹದಿನೈದು ದಿನ ಬೇಕೆಂದರೆ, ನೂರು ಜಾತಿಯ ಮರಗಳಿಗೇ 50 ಆಳು-ತಿಂಗಳು. ಬಂಡವಾಳ ಅಲ್ಲಿಗೇ ಮುಗಿಯಿತು! ಹತ್ತು ಮರಗಳನ್ನು ರೂಪಿಸಿ, ಅವನ್ನೇ ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ನೆಟ್ಟರೆ ಐದು ತಿಂಗಳು.

ದೊಡ್ಡವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ಪೋಲೆಂಡಿನ ಸಿಐ ಗೇಮ್ಸ್ ಸಂಸ್ಥೆಯು 2017ರಲ್ಲಿ 'ಸ್ನೈಪರ್ ಘೋಸ್ಟ್ ವಾರಿಯರ್ 3' ಆಟವನ್ನು ವಿಶಾಲವಾದ ಮುಕ್ತ ಪ್ರದೇಶದಲ್ಲಿ ಹೂಡಿತು. ಆಟ ತೆರೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆಂದು ಆಟಗಾರರು ದೂರಿದರು. 2019ರ 'ಕಾಂಟ್ರಾಕ್ಟ್ಸ್' ಆಟದಲ್ಲಿ ಸಂಸ್ಥೆಯು ಬಿಡಿಬಿಡಿಯಾದ ಸೀಮಿತ ಪ್ರದೇಶಗಳಿಗೆ ಹಿಂದಿರುಗಿತು. ಇಂಗ್ಲೆಂಡಿನ ರೆಬೆಲಿಯನ್ ಸಂಸ್ಥೆಯಾದರೋ 2012ರ 'ಸ್ನೈಪರ್ ಎಲೀಟ್ ವಿ2'ದಲ್ಲಿ ಗುಂಡಿನ ಬೆನ್ನು ಹತ್ತಿ ಸಾಗುವ ದೃಶ್ಯವನ್ನು ಆಟದ ಮುಖ್ಯ ಆಕರ್ಷಣೆಯಾಗಿಸಿತು. ಆಟಗಾರನು ಯಾವುದನ್ನು ನೆನಪಿಟ್ಟುಕೊಳ್ಳಬೇಕೋ ಅದಕ್ಕೆ ಮೊದಲ ಖರ್ಚು, ಉಳಿದುದಕ್ಕೆ ಉಳಿದದ್ದು.

ಇಷ್ಟನ್ನೂ ಕೇಳಿಕೊಂಡ ನಮ್ಮ ಹುಡುಗರು ಎರಡು ವಾರಗಳ ತರುವಾಯ ಒಂದು ಪಟ್ಟಿಯನ್ನು ತಂದರು. ಊರು, ರಸ್ತೆ, ವಾಹನಗಳನ್ನೂ 30 ಕಾವಲುಗಾರರನ್ನೂ ಹೊಡೆದುಹಾಕಿದ್ದರು. ಕೊನೆಗೆ ಕೋವಿಯನ್ನೂ ಬಿಟ್ಟು, ಅದರ ಜಾಗಕ್ಕೆ ಕ್ಯಾಮೆರಾ ಇಟ್ಟಿದ್ದರು. ಉಳಿದುದು ಒಂದು ಗುಡ್ಡ, ಒಂದು ಹಳ್ಳ, ನೀರಿಗೆ ಬರುವ ಒಂದು ಕಡವೆ. ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಬೀಸಿದರೆ ವಾಸನೆ ಹಿಡಿದು ಅದು ಓಡುತ್ತದೆ. ಇದಕ್ಕೆ ಬೇಕಾದುದು ಎರಡು ದಿಕ್ಕುಗಳ ನಡುವಿನ ಕೋನ ಮಾತ್ರ. ಮಿಲಿಸೆಕೆಂಡಿನ ಅತ್ಯಲ್ಪ ಅಂಶ. ಮರಸು ಕೂರುತ್ತಿದ್ದವನು ಎಲ್ಲಕ್ಕಿಂತ ಮೊದಲು ನೋಡುತ್ತಿದ್ದುದೂ ಗಾಳಿಯನ್ನೇ.

ನಾವು ಪಟ್ಟಿಯನ್ನು ಹಿಂದಿರುಗಿಸಿ, "ಒಂದು ವರ್ಷವೆಂದು ಹೇಳಿದಿರಿ, ಮೊದಲು ಕಡವೆಯೊಂದನ್ನೇ ಮೂರು ತಿಂಗಳಲ್ಲಿ ಮಾಡಿ ತೋರಿಸಿ" ಎಂದೆವು. ಅದು ಓಡುವ ರೀತಿ ನೋಡಿ ನಮ್ಮ ಉಸಿರು ನಿಂತರೆ ಉಳಿದ ಒಂಬತ್ತು ತಿಂಗಳನ್ನು ಧೈರ್ಯವಾಗಿ ಹೂಡಬಹುದು. ಇಲ್ಲವಾದರೆ ಕಳೆದುಹೋದುದು ಮೂರು ತಿಂಗಳಷ್ಟೆ.