ಕಾಮಾಲೆಯ ನಂತರವೂ ನಿಲ್ಲದ ಯಕೃತ್ತಿನ ಉರಿಯೂತ

ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಕಾಮಾಲೆಯು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಮಾತ್ರ ವೈರಾಣು ನಿರ್ಗಮಿಸಿದರೂ ಉರಿಯೂತ ನಿಲ್ಲುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಜೀವಕೋಶಗಳನ್ನು ಪರಕೀಯವೆಂದು ಎಣಿಸಿ ನಾಶಪಡಿಸತೊಡಗುತ್ತದೆ. ಇದಕ್ಕೆ ಆಟೋಇಮ್ಯೂನ್ ಹೆಪಟೈಟಿಸ್ ಎಂದು ಹೆಸರು. ಪುರುಷರಿಗಿಂತ ಮಹಿಳೆಯರಲ್ಲಿ ಇದು ಹೆಚ್ಚು.

ಈ ರೋಗಿಗಳ ಆರೋಗ್ಯವಂತ ಬಂಧುಗಳ ಮೇಲೆ ನಾಲ್ಕು ವರ್ಷ ನಿಗಾ ಇರಿಸಿದ ಇಟಲಿಯ ವೈದ್ಯರು 1991ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಬಂಧುಗಳ ಪೈಕಿ ಹೆಪಟೈಟಿಸ್ ಎ ತಗುಲಿದ 3 ಜನರಲ್ಲಿ ಇಬ್ಬರಿಗೆ ಈ ರೋಗ ಕಾಣಿಸಿಕೊಂಡಿತು. ಮೂವರ ಲೆಕ್ಕದಿಂದ ನಿಯಮ ಕಟ್ಟಲಾಗದು. ವಂಶಪಾರಂಪರ್ಯವಾಗಿ ಈ ರೋಗದತ್ತ ಒಲವುಳ್ಳವರಲ್ಲಿ ವೈರಾಣುವು ಪ್ರಚೋದಕವಾಗಬಹುದು ಎಂಬಷ್ಟನ್ನೇ ಇದು ಸೂಚಿಸುತ್ತದೆ.

ಎರಡೂ ರೋಗಗಳಲ್ಲಿ ಕಣ್ಣು ಹಳದಿಯಾಗುತ್ತದೆ, ಆಯಾಸವಿರುತ್ತದೆ. ಚಿಕಿತ್ಸೆ ಮಾತ್ರ ಬೇರೆ. ಆಟೋಇಮ್ಯೂನ್ ರೋಗಕ್ಕೆ ನೀಡುವ ಸ್ಟಿರಾಯ್ಡ್, ಹೆಪಟೈಟಿಸ್ ಬಿ ಇರುವವರಲ್ಲಿ ವೈರಾಣುವನ್ನು ಕೆರಳಿಸಬಲ್ಲದು. ಚಿಕಿತ್ಸೆಯೇ ದೊರೆಯದಿದ್ದರೆ ಯಕೃತ್ತು ಗಡುಸಾಗಿ ಸಿರೋಸಿಸ್‌ಗೆ ತಿರುಗುವ ಅಪಾಯವಿದೆ. ಆದುದರಿಂದ ವಾರಗಳು ಕಳೆದರೂ ಇಳಿಯದ ಅಥವಾ ಮರುಕಳಿಸುವ ಕಾಮಾಲೆಗೆ ಸೊಪ್ಪಿನ ಔಷಧವನ್ನು ನಂಬಿ ಕೂರದೆ, ರಕ್ತಪರೀಕ್ಷೆಗಾಗಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ತೆರಳುವಂತೆ ಸದಸ್ಯರು ತಿಳಿಹೇಳತಕ್ಕದ್ದು.

ನೀರಿನಿಂದ ಬರುವ ಸೋಂಕನ್ನು ತಡೆಯುವುದು ಪಂಚಾಯಿತಿಯ ಕೈಯಲ್ಲಿದೆ. ಭಾರತೀಯ ಮಾನಕದಂತೆ ಕ್ಲೋರಿನೀಕರಿಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ವೈರಾಣುಗಳಿಂದ ರಕ್ಷಣೆ ಬೇಕಾದಾಗ 0.5 ಮಿಲಿಗ್ರಾಂ. ನೀರುಗಂಟಿಯು ಇದನ್ನು ಟ್ಯಾಂಕಿನ ಬಳಿ ಅಳೆದರೆ ಸಾಲದು, ಕೊನೆಯ ಮನೆಯ ನಲ್ಲಿಯಲ್ಲಿ ಅಳೆಯಬೇಕು.