ಕಳ್ಳನಿಲ್ಲದ ಪತ್ತೇದಾರಿ

ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪತ್ತೇದಾರಿ ಆಡಿಯೋ ಪುಸ್ತಕ ಕೇಳುವವರು ಈಗ ಬಸ್ಸಿನಲ್ಲೂ ಸಿಗುತ್ತಾರೆ. ಹಳೆಯ ವಿಗ್ರಹವೊಂದು ಕಾಣೆಯಾಗುವುದು, ಅದರ ಬೆನ್ನು ಹತ್ತಿ ಒಬ್ಬ ಹೊರಡುವುದು ಅಂಥ ಕಥೆಗಳ ಜಾಯಮಾನ. ಮಲಪನಗುಡಿ, ಹಂಪಿ, ಕಂಪ್ಲಿ ಸೀಮೆಯ ಕಿವಿಗಳಿಗೆ ಇದೇನೂ ಹೊಸದಲ್ಲ. ಇಲ್ಲಿ ಕಟ್ಟೆಯ ಮೇಲೆ ನಾಲ್ಕು ಜನ ಕೂತರೆ ಕೊಪ್ಪರಿಗೆ ಹೊನ್ನಿನ ಮಾತು ಬಂದೇ ಬರುತ್ತದೆ. ಕೇಳಿ ಎದ್ದು ಹೋದರೆ ಚೆಂದ. 2019ರ ಜುಲೈನಲ್ಲಿ ಕೆಲವರು ಹಾಗೆ ಮಾಡಲಿಲ್ಲ. ನಿಧಿಯಾಸೆಗೆ ಆನೆಗೊಂದಿಯ ನವವೃಂದಾವನ ಗಡ್ಡೆಗೆ ರಾತ್ರಿ ಹೋಗಿ ವ್ಯಾಸರಾಜರ ವೃಂದಾವನವನ್ನೇ ಕೆಡವಿದರು. ಕೊನೆಗೆ ಪೊಲೀಸರ ಕೈಗೆ ಸಿಕ್ಕಿಬಿದ್ದರು.

ಇಂಥವರು ಮೊದಲು ನೋಡಬೇಕಿದ್ದ ಜಾಗ ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯ. ಬ್ರಿಟಿಷರ ಕಾಲದಲ್ಲಿ ಹಂಪಿಯ ಹಾಳು ಗುಡಿಗಳ ವಿಗ್ರಹಗಳನ್ನು ತಂದು ಆನೆಲಾಯದಲ್ಲಿ ಕೂಡಿಡುತ್ತಿದ್ದರು. 1972ರಲ್ಲಿ ಅವು ಕಮಲಾಪುರದ ಕಟ್ಟಡಕ್ಕೆ ಬಂದವು. ನಡುವಿನ ಅಂಗಳದಲ್ಲಿ ಹಂಪಿಯ ಇಡೀ ಕಣಿವೆಯ ಮಾದರಿ, ಸುತ್ತ ನಾಲ್ಕು ವಿಭಾಗ. ವೀರಭದ್ರ, ಭೈರವ, ಮಹಿಷಮರ್ದಿನಿಯರು ಮೊದಲು ಎದುರಾಗುತ್ತಾರೆ. ಪತ್ತೇದಾರಿ ಕಥೆಯಲ್ಲಿ ಮನೆ ಇರುತ್ತದೆ, ವಸ್ತು ಹೋಗಿರುತ್ತದೆ. ಇಲ್ಲಿ ಅದು ತಿರುಗುಮುರುಗು. ವಿಗ್ರಹ ಕಣ್ಣೆದುರೇ ಇದೆ, ಅದು ಯಾವ ಗುಡಿಯ ಯಾವ ಗೂಡಿನಲ್ಲಿತ್ತು ಎಂದು ಹುಡುಕಬೇಕು.

ನಾಣ್ಯ, ತಾಮ್ರಪಟಗಳನ್ನು ದಾಟಿ ಕೊನೆಯ ವಿಭಾಗಕ್ಕೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ನನಗೆ ಹಿಡಿಸಿದ್ದು ಮಾತ್ರ ಅದೇ. ಉತ್ಖನನದಲ್ಲಿ ಸಿಕ್ಕ ಗಾರೆಯ ಶಿಲ್ಪ, ಕಬ್ಬಿಣದ ಸಾಮಾನು, ಪಿಂಗಾಣಿ ಚೂರು ಅಲ್ಲಿವೆ. ನಿಧಿಗಳ್ಳನಾದರೆ ಇವನ್ನು ಮಣ್ಣಿನ ಜೊತೆಗೇ ಆಚೆ ಎಸೆದಾನು. ಪುರಾತತ್ವದವರಿಗೆ ಚೂರಿನಷ್ಟೇ ಅದು ಸಿಕ್ಕ ಪದರವೂ ಮುಖ್ಯ. ಮೇಲೇನಿತ್ತು, ಕೆಳಗೇನಿತ್ತು, ಪಕ್ಕದಲ್ಲಿ ಯಾವ ನಾಣ್ಯವಿತ್ತು ಎಂದು ನೋಡಿ ಅವರು ಆ ನೆಲದ ಕಾಲ ಹೇಳುತ್ತಾರೆ. ಒಂದು ರಾತ್ರಿಯ ಗುದ್ದಲಿಗೆ ಪದರಗಳು ಕಲಸಿಹೋದರೆ ಆಮೇಲೆ ಯಾವ ಪತ್ತೇದಾರನಿಗೂ ಅವನ್ನು ಬಿಡಿಸಲಾಗದು.

ಹಂಪಿಯಿಂದ ಹೊರಟುಹೋದ ಹೆಸರಾಂತ ವಿಗ್ರಹದ ವಿಷಯದಲ್ಲಿ ಇಂಥ ರಹಸ್ಯವಿಲ್ಲ. ಕೃಷ್ಣದೇವರಾಯ ಉದಯಗಿರಿಯನ್ನು ಗೆದ್ದು ತಂದ ಬಾಲಕೃಷ್ಣನನ್ನು 1515ರಲ್ಲಿ ಪ್ರತಿಷ್ಠಾಪಿಸಿದ್ದು ಕೃಷ್ಣ ಗುಡಿಯಲ್ಲಿ. ಅಲ್ಲಿನ ಶಾಸನವೇ ಅದನ್ನು ಹೇಳುತ್ತದೆ. ಗರ್ಭಗುಡಿ ಈಗ ಖಾಲಿ. ವಿಗ್ರಹ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 1953ರವರೆಗೆ ಈ ಸೀಮೆ ಮದ್ರಾಸಿಗೆ ಸೇರಿದ್ದೆಂದು ನೆನಪಿಸಿಕೊಂಡರೆ ಅದರಲ್ಲಿ ಅಚ್ಚರಿಯೂ ಇಲ್ಲ. ಕಮಲಾಪುರಕ್ಕೆ ಹೋಗುವವರು ಕೃಷ್ಣ ಗುಡಿಯನ್ನು ಮೊದಲು ನೋಡಿಕೊಂಡು ಹೋಗಿ. ಶುಕ್ರವಾರ ಮಾತ್ರ ಬೇಡ, ಅಂದು ವಸ್ತುಸಂಗ್ರಹಾಲಯಕ್ಕೆ ರಜೆ.